ಒಂದು ಗಂಟೆಯ ವ್ಯತ್ಯಾಸ, 1,860 ಪೌಂಡ್

ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. 2023ರ ಜುಲೈನ ಒಂದು ಶನಿವಾರ ರಾತ್ರಿ ಆನ್‌ಲೈನ್ ಕ್ಯಾಸಿನೋ ಒಂದರಲ್ಲಿ 1,860 ಪೌಂಡ್ ಗೆದ್ದೆ. ಹತ್ತಿರ ಹತ್ತಿರ ಎರಡು ಲಕ್ಷ ರೂಪಾಯಿ. ವಿತ್‌ಡ್ರಾ ಕೊಟ್ಟು ಮಲಗಿದೆ. ಮೂರನೇ ದಿನ ಮೇಲ್ ಬಂತು: ಬೋನಸ್ ಷರತ್ತು ಮುರಿದಿದ್ದೀರಿ, ಗೆಲುವು ರದ್ದು. ನಾನು ಹಾಕಿದ್ದ 50 ಪೌಂಡ್ ಮಾತ್ರ ವಾಪಸ್ ಬಂತು.

ಷರತ್ತು ನನಗೆ ಗೊತ್ತಿತ್ತು. ಕಂಪನಿ ಆಡಲು ಕೊಟ್ಟ 50 ಪೌಂಡ್ ಬೋನಸ್ಸಿಗೆ 35 ಪಟ್ಟು, ಅಂದರೆ 1,750 ಪೌಂಡ್‌ನಷ್ಟು ಆಡಿ ಮುಗಿಸಬೇಕು. ಅಲ್ಲಿಯವರೆಗೆ ಒಂದು ಸ್ಪಿನ್‌ಗೆ (ಆಟದ ಒಂದು ಸುತ್ತಿಗೆ) 5 ಪೌಂಡ್ ಮೀರುವಂತಿಲ್ಲ. (2026ರ ಜನವರಿಯಿಂದ ಇಲ್ಲಿ 10 ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ. ಆಗ ಆ ಮಿತಿ ಇರಲಿಲ್ಲ.) ನಾನು 8 ಪೌಂಡಿನ ಎರಡು ಸ್ಪಿನ್ ಹೊಡೆದದ್ದು ನಿಜ. ಆದರೆ ಅಷ್ಟೂ ಆಡಿ ಬೋನಸ್ ಮುಗಿದ ಮೇಲೆ.

ಎರಡು ರಾತ್ರಿ ಲೈವ್ ಚಾಟಿನಲ್ಲಿ ಜಗಳವಾಡಿದೆ. ಬೈದೆ ಕೂಡ. ಪ್ರತಿ ಸಲ ಹೊಸಬರು, ಅದೇ ಉತ್ತರ. ಹೊತ್ತು ದಂಡ. ಆಮೇಲೆ ‘ಇದು ನನ್ನ ಅಧಿಕೃತ ದೂರು’ ಎಂದೇ ಶುರುಮಾಡಿ ಮೇಲ್ ಬರೆದು ನಾಲ್ಕೇ ಪ್ರಶ್ನೆ ಕೇಳಿದೆ: ಯಾವ ಸ್ಪಿನ್, ಎಷ್ಟು ಹೊತ್ತಿಗೆ, ಎಷ್ಟು ಮೊತ್ತ, ಯಾವ ನಿಯಮ? ಭದ್ರತೆಯ ಕಾರಣಕ್ಕೆ ಹೇಳಲಾಗದು ಎಂದರು.

ದಾರಿ ತೋರಿಸಿದ್ದು ಹೆಂಡತಿ. ‘ಹೇಳದಿದ್ದರೆ ಬೇಡ, ನನ್ನ ಡೇಟಾ ಕೊಡಿ ಅಂತ ಕೇಳಿ’ ಎಂದಳು. ಇಲ್ಲಿನ ಕಾನೂನಿನ ಪ್ರಕಾರ ಯಾವುದೇ ಕಂಪನಿ ನಮ್ಮ ಬಗ್ಗೆ ಇಟ್ಟುಕೊಂಡ ಮಾಹಿತಿಯನ್ನು ಸಾಮಾನ್ಯವಾಗಿ ಒಂದು ತಿಂಗಳೊಳಗೆ ಪುಕ್ಕಟೆ ಕೊಡಬೇಕು. 28ನೇ ದಿನ ಎರಡು ಫೈಲ್ ಬಂದವು.

ಬೋನಸ್ ಫೈಲಿನಲ್ಲಿ: ಬೋನಸ್ ಮುಗಿದದ್ದು 23:31ಕ್ಕೆ. ಆಟದ ಫೈಲಿನಲ್ಲಿ: 8 ಪೌಂಡಿನ ಮೊದಲ ಸ್ಪಿನ್ 22:52ಕ್ಕೆ. ನೋಡಿ ಎದೆ ಧಸಕ್ಕೆಂದಿತು. ತಪ್ಪು ನನ್ನದೇ ಅಲ್ವಾ? ಆದರೆ ಅದೇ ಸ್ಪಿನ್ನಿನ ಸ್ಕ್ರೀನ್‌ಶಾಟ್ ನನ್ನ ಫೋನಿನಲ್ಲಿತ್ತು, ಅದರ ಮೇಲೆ 23:52 ಎಂದಿತ್ತು. ಸುಮಾರು ಹೊತ್ತು ಎರಡನ್ನೂ ನೋಡುತ್ತಾ ಕೂತೆ. ಆಮೇಲೆ ಹೊಳೆಯಿತು. ಬೇಸಿಗೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಬೋನಸ್ ಫೈಲ್ ಇಲ್ಲಿನ ಬೇಸಿಗೆ ಗಂಟೆಯಲ್ಲಿತ್ತು, ಆಟದ ಫೈಲ್ ಮುಂದಿಡದ ಗ್ರೀನಿಚ್ ಗಂಟೆಯಲ್ಲಿತ್ತು. ಎರಡನ್ನೂ ಹಾಗೇ ಪಕ್ಕಪಕ್ಕ ಇಟ್ಟು ನನ್ನನ್ನು ಕಳ್ಳ ಮಾಡಿದ್ದರು.

ಇದನ್ನು ಬರೆದು ಕಳಿಸಿದರೆ ಉತ್ತರವೇ ಇಲ್ಲ. ಬ್ರಿಟನ್ನಿನಲ್ಲಿ ಲೈಸೆನ್ಸ್ ಇರುವ ಕಂಪನಿಗೆ ದೂರು ಬಗೆಹರಿಸಲು ಎಂಟು ವಾರ ಸಮಯ. ಆಗದಿದ್ದರೆ ಮಧ್ಯಸ್ಥ ಸಂಸ್ಥೆಗೆ ಹೋಗಬಹುದು: ಐಬಿಎಎಸ್, ಇಕೋಗ್ರಾ ಇಂಥವು. ಯಾವುದು ಅಂತ ಕಂಪನಿಯ ನಿಯಮಗಳಲ್ಲೇ ಇರುತ್ತದೆ. ಆಟಗಾರನಿಗೆ ಖರ್ಚಿಲ್ಲ. ಸುಮಾರು ಜನ ಜೂಜಿನ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಗ್ಯಾಂಬ್ಲಿಂಗ್ ಕಮಿಷನ್ನಿಗೆ ಬರೆದು ಸುಮ್ನೆ ಕಾಯುತ್ತಾರೆ. ಅದು ಒಬ್ಬೊಬ್ಬರ ದುಡ್ಡಿನ ಜಗಳ ತೀರಿಸುವುದಿಲ್ಲ.

ಮಧ್ಯಸ್ಥರಿಗೆ ನಾನು ಕಳಿಸಿದ್ದು ಒಂದೇ ಪುಟ. ಮೂರು ಸಾಲಿನ ಪಟ್ಟಿ, ಒಂದು ಸ್ಕ್ರೀನ್‌ಶಾಟ್. ಸಿಟ್ಟಿನ ಒಂದು ಪದವೂ ಇಲ್ಲ. ತೀರ್ಪು ಬರುವ ಮುಂಚೆಯೇ ಕಂಪನಿ ದುಡ್ಡು ಹಾಕಿತು, ‘ಸದ್ಭಾವನೆಯಿಂದ’ ಅಂತೆ! ತಪ್ಪಾಯಿತು ಎನ್ನಲಿಲ್ಲ.

ಸುದ್ದಿ ಊರಿಗೆ ಮುಟ್ಟಿ, ತೀರ್ಥಹಳ್ಳಿಯಿಂದ ಭಾವಮೈದ ಫೋನ್ ಮಾಡಿದ. ‘ಭಾವ, ನನ್ನದೂ ಎಂಬತ್ತು ಸಾವಿರ ಹಿಡಿದಿದ್ದಾರೆ, ಒಂದು ಲೆಟರ್ ಬರೆದುಕೊಡಿ.’ ಅವನು ಆಡಿದ್ದು ಕೆರಿಬಿಯನ್ ದ್ವೀಪ ಕ್ಯುರಸಾವೊದ ಲೈಸೆನ್ಸ್ ಎಂದು ಹಾಕಿಕೊಂಡಿದ್ದ ಸೈಟಿನಲ್ಲಿ. ಭಾರತದಲ್ಲಿ 1872ರ ಕರಾರು ಕಾಯ್ದೆಯ 30ನೇ ಕಲಮಿನಂತೆ ಬಾಜಿಯ ಒಪ್ಪಂದವೇ ಅಸಿಂಧು, ಗೆದ್ದದ್ದು ಕೊಡಿಸಿ ಅಂತ ಕೋರ್ಟಿಗೆ ಹೋಗುವ ಹಾಗಿಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲಂತೂ ದುಡ್ಡಿಟ್ಟು ಆಡಿಸುವುದಕ್ಕೇ ನಿಷೇಧ. ಯಾರಿಗೆ ಅಂತ ಲೆಟರ್ ಬರೆಯಲಿ?

ದುಡ್ಡು ಬಿಡಬೇಕಾದರೆ ಮೊದಲು ಹತ್ತು ಸಾವಿರ ‘ಟ್ಯಾಕ್ಸ್’ ಕಟ್ಟಿ ಎಂದಿದ್ದರಂತೆ. ‘ಅದೊಂದು ಮಾತ್ರ ಕಟ್ಟಬೇಡ ಮಾರಾಯ’ ಎಂದೆ. ಅವನು ಮಾತಾಡಲಿಲ್ಲ. ನಿನ್ನೆಯೇ ಕಟ್ಟಿಯಾಗಿತ್ತು.