ಹೊಸ ಫೋನ್ ಬೇಕೇ ಬೇಕು ಅನ್ನಿಸಿದಾಗ ಮೊದಲು ಇಷ್ಟು ಮಾಡಿ

ಹೊಸ ಫೋನೋ, ವಾಚೋ, ಲ್ಯಾಪ್‌ಟಾಪೋ ಬೇಕು ಎಂದು ಮನಸ್ಸು ಚಡಪಡಿಸಲು ಶುರುವಾದರೆ ಆ ಆಸೆಯನ್ನು ಬೈದು ಕೂರಿಸಲು ಹೋಗಬೇಡಿ. ಎರಡು ದಿನ ಸುಮ್ಮನಿದ್ದು ಮೂರನೇ ದಿನ ಇನ್ನೂ ಜಾಸ್ತಿಯಾಗಿ ಬರುತ್ತದೆ. ಅದರ ಬದಲು ಒಂದು ಹಾಳೆ ತಗೊಳ್ಳಿ. ಈಗ ಕೈಯಲ್ಲಿರುವುದು ಎಲ್ಲಿ ಕೈಕೊಟ್ಟಿತು ಎಂದು ಬರೆಯಿರಿ. "ಹಳೇದಾಯ್ತು" ಎನ್ನುವುದು ಲೆಕ್ಕಕ್ಕಿಲ್ಲ. "ಸ್ಲೋ ಆಗಿದೆ" ಎಂದರೂ ಸಾಲದು. ಯಾವ ದಿನ, ಯಾವ ಆ್ಯಪ್ ತೆಗೆದಾಗ, ಏನು ಮಾಡುತ್ತಿದ್ದಾಗ ನಿಂತುಹೋಯಿತು, ಅಷ್ಟು ಬೇಕು. ಬರೆಯಲು ಕೂತರೆ ಅರ್ಧದಷ್ಟು ಸಲ ಹಾಳೆ ಖಾಲಿಯೇ ಉಳಿಯುತ್ತದೆ. ಖಾಲಿ ಉಳಿದರೆ ವಿಷಯ ಅಲ್ಲಿಗೇ ಮುಗಿಯಿತು, ಅಲ್ವಾ?

ಏನಾದರೂ ಬರೆದಿದ್ದರೆ, ಅದನ್ನು ಮೊದಲು ರಿಪೇರಿ ಮಾಡಲು ನೋಡಿ. ನನ್ನದೇ ಒಂದು ಅನುಭವ ಹೇಳುತ್ತೇನೆ. ಕಳೆದ ವರ್ಷ ನನ್ನ ಫೋನು ಸರಿಯಾಗಿ ಚಾರ್ಜ್ ಆಗುವುದನ್ನು ನಿಲ್ಲಿಸಿತು. ಕೇಬಲ್ ಚುಚ್ಚಿದರೆ ಅಲ್ಲಾಡುತ್ತಿತ್ತು, ಸ್ವಲ್ಪ ಓರೆಯಾಗಿ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತಿತ್ತು. ಇದರ ಕಥೆ ಮುಗಿಯಿತು ಎಂದುಕೊಂಡು ಹೊಸದನ್ನು ಹುಡುಕಿ, ಬಣ್ಣವನ್ನೂ ಆರಿಸಿ, ಕಾರ್ಟಿಗೆ ಹಾಕಿಟ್ಟಿದ್ದೆ. ಆ ರಾತ್ರಿ ಟಾರ್ಚ್ ಹಿಡಿದು ಚಾರ್ಜಿಂಗ್ ತೂತಿನ ಒಳಗೆ ನೋಡಿದೆ. ಜೇಬಿನ ನೂಲೆಳೆ, ಧೂಳು ಎಲ್ಲ ಸೇರಿ ತಳದಲ್ಲಿ ಬೂದು ಬಣ್ಣದ ಪದರವಾಗಿ ಗಟ್ಟಿ ಕೂತಿತ್ತು. ಫೋನ್ ಆಫ್ ಮಾಡಿ, ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆರೆದು ತೆಗೆದೆ. (ಪಿನ್ನು, ಸೂಜಿ ಹಾಕಬೇಡಿ, ಒಳಗಿನ ಲೋಹದ ಕಡ್ಡಿಗಳು ಹಾಳಾಗುತ್ತವೆ.) ಬೆಂಕಿಕಡ್ಡಿಯ ತಲೆಯಷ್ಟು ಕಸ ಬಂತು. ಕೇಬಲ್ ಟಕ್ ಎಂದು ಕೂತಿತು. ಇವತ್ತಿಗೂ ಅದೇ ಫೋನು ಬಳಸುತ್ತಿದ್ದೇನೆ.

ಎರಡನೆಯದು ಬ್ಯಾಟರಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು, ಏಕೆಂದರೆ "ಫೋನ್ ಹಳೇದಾಯ್ತು" ಎನ್ನುವ ದೂರಿನಲ್ಲಿ ತುಂಬಾ ಸಲ ನಿಜವಾಗಿ ಹಳೆಯದಾಗಿರುವುದು ಇದೊಂದೇ. ಚಪ್ಪಲಿಯ ಅಟ್ಟೆಯ ಹಾಗೆ ಲಿಥಿಯಂ ಅಯಾನ್ ಬ್ಯಾಟರಿ ಸವೆಯಲಿಕ್ಕೇ ಇರುವಂಥದ್ದು. ಐಫೋನ್ 14 ಮತ್ತು ಅದಕ್ಕಿಂತ ಹಳೆಯ ಮಾದರಿಗಳಿಗೆ ಆ್ಯಪಲ್ ಕೊಡುವ ಲೆಕ್ಕ ನೋಡಿ: 500 ಸಲ ಪೂರ್ತಿ ಚಾರ್ಜ್ ಆಗಿ ಖಾಲಿಯಾದ ಮೇಲೆ ಬ್ಯಾಟರಿಯ ಶಕ್ತಿ ಮೊದಲಿನ ಶೇ. 80ರಷ್ಟು ಉಳಿಯುತ್ತದೆ. ದಿನಕ್ಕೊಂದು ಚಾರ್ಜ್ ಖರ್ಚು ಮಾಡುವವರಿಗೆ ಇದು ಹೆಚ್ಚುಕಡಿಮೆ ಒಂದೂವರೆ ವರ್ಷ. ಐಫೋನ್ 15ರಿಂದ ಈ ಲೆಕ್ಕ 1000ಕ್ಕೆ ಏರಿದೆ. ಬ್ಯಾಟರಿ ಸವೆದ ಐಫೋನ್‌ಗಳು ಇದ್ದಕ್ಕಿದ್ದಂತೆ ಆಫ್ ಆಗದಿರಲಿ ಎಂದು ಅವುಗಳ ವೇಗವನ್ನೇ ಇಳಿಸಿದ್ದೇವೆ ಎಂದು 2017ರ ಡಿಸೆಂಬರ್‌ನಲ್ಲಿ ಆ್ಯಪಲ್ ಒಪ್ಪಿಕೊಂಡಿತು. ದೊಡ್ಡ ಗಲಾಟೆಯಾಯಿತು, ಬ್ಯಾಟರಿ ಬದಲಿಸುವ ದರವನ್ನು 2018ರ ಪೂರ್ತಿ ಇಳಿಸಿತು. ಮುಂದಿನದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. 2019ರ ಜನವರಿಯಲ್ಲಿ, ಆಗ ಆ್ಯಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಹೂಡಿಕೆದಾರರಿಗೆ ಪತ್ರ ಬರೆದಾಗ, ಜನ ಹೊಸ ಐಫೋನ್ ಕಡಿಮೆ ಕೊಂಡಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಈ ಅಗ್ಗದ ಬ್ಯಾಟರಿ ಬದಲಾವಣೆಯೂ ಒಂದು. ಅಂದರೆ ಹೊಸ ಬ್ಯಾಟರಿ ಹಾಕಿಸಿಕೊಂಡ ಎಷ್ಟೋ ಜನರಿಗೆ ಹೊಸ ಫೋನ್ ಬೇಕು ಅನ್ನಿಸಲೇ ಇಲ್ಲ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ಇದ್ದರೆ ಈಗಲೇ ತೆಗೆದು ನೋಡಿ.

ಸ್ಟೋರೇಜ್ ತುಂಬಿಹೋಗಿದ್ದರೂ ಫೋನು ತೆವಳುತ್ತದೆ. ಫಾರ್ವರ್ಡ್ ಆಗಿ ಬಂದ ವಿಡಿಯೊಗಳನ್ನು ಅಳಿಸಿ, ವರ್ಷದಿಂದ ಮುಟ್ಟದ ಆ್ಯಪ್‌ಗಳನ್ನು ತೆಗೆಯಿರಿ. ಹಾರ್ಡ್ ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್ ಆಗಿದ್ದರೆ ಆ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ಅದಕ್ಕಿಂತ ತುಂಬಾ ವೇಗದ ಸ್ಟೋರೇಜ್) ಹಾಕಿಸಿ. ಆನ್ ಮಾಡಿ ಕಾಯುತ್ತಾ ಕೂರುವುದು ತಪ್ಪುತ್ತದೆ.

ಈಗ ಇನ್ನೊಂದು ಬಗೆಯ ಆಸೆ. ಇಲ್ಲಿ ಹಳೆಯದು ಕೆಟ್ಟಿರುವುದೇ ಇಲ್ಲ. ಟ್ಯಾಬ್ಲೆಟ್ ಬಂದರೆ ದಿನಾ ಚಿತ್ರ ಬಿಡಿಸುತ್ತೇನೆ, ವಾಚ್ ಕಟ್ಟಿದರೆ ದಿನಾ ಓಡುತ್ತೇನೆ, ಒಳ್ಳೆ ಮೈಕ್ ಇದ್ದರೆ ಹಾಡು ರೆಕಾರ್ಡ್ ಮಾಡುತ್ತೇನೆ ಎಂದು ಮನಸ್ಸು ಹೇಳುತ್ತದೆ. ಈ ಆಸೆ ಕೆಟ್ಟದ್ದೇನಲ್ಲ, ಚಿತ್ರ ಬಿಡಿಸಬೇಕು ಅನ್ನಿಸುವುದು ಒಳ್ಳೆಯದೇ. ಆದರೆ ಒಂದು ತಿಂಗಳು ಪೆನ್ಸಿಲ್ಲು, ಕಾಗದದಲ್ಲಿ ಬಿಡಿಸಿ. ಇರುವ ಶೂ ಹಾಕಿಕೊಂಡು ಓಡಿ. ಇರುವ ಫೋನಿನಲ್ಲೇ ಹಾಡಿ, ರೆಕಾರ್ಡ್ ಮಾಡಿ. ತಿಂಗಳಾದ ಮೇಲೂ ಕೈ ಬಿಟ್ಟಿಲ್ಲ, ಈಗ ಕಾಗದ ಸಾಲುತ್ತಿಲ್ಲ ಎನ್ನುವ ಹಂತಕ್ಕೆ ಬಂದಿದ್ದರೆ ಆಗ ಕೊಳ್ಳಿ, ಖುಷಿಯಿಂದ ಕೊಳ್ಳಿ. ಸ್ನೇಹಿತರ ಹತ್ತಿರ ಇದ್ದರೆ ಒಂದು ವಾರ ಕೇಳಿ ತಂದು ಬಳಸಿ ನೋಡುವುದು ಇನ್ನೂ ಒಳ್ಳೆಯದು. ಮೂರನೇ ದಿನಕ್ಕೇ ಮೂಲೆ ಸೇರಿದರೆ ಉತ್ತರ ಸಿಕ್ಕಿತು.

ಈ ಕಾಯುವ ದಿನಗಳಲ್ಲಿ ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ: ರಿವ್ಯೂ ವಿಡಿಯೊ ನೋಡಬೇಡಿ. ಸುಮ್ನೆ ತಿಳಿದುಕೊಳ್ಳಲು ನೋಡುತ್ತಿದ್ದೇನೆ ಎಂದುಕೊಳ್ಳುತ್ತೇವೆ, ಒಂದು ಮುಗಿಯುವಷ್ಟರಲ್ಲಿ ಇನ್ನೆರಡು ಬಂದು ನಿಲ್ಲುತ್ತವೆ, ನಿನ್ನೆಯವರೆಗೆ ಚೆನ್ನಾಗಿಯೇ ಕಾಣುತ್ತಿದ್ದ ನಮ್ಮ ಸ್ಕ್ರೀನು ಮಂಕಾಗಿ ಕಾಣತೊಡಗುತ್ತದೆ. ಶಾಪಿಂಗ್ ಆ್ಯಪ್‌ಗಳ ನೋಟಿಫಿಕೇಶನ್ ಆಫ್ ಮಾಡಿ. ಅವುಗಳಲ್ಲಿ ಸೇವ್ ಆಗಿರುವ ಕಾರ್ಡ್ ತೆಗೆದುಹಾಕಿ. ರಾತ್ರಿ ಹನ್ನೊಂದಕ್ಕೆ ಎದ್ದು ಹೋಗಿ ಪರ್ಸ್ ತಂದು ಹದಿನಾರು ಅಂಕಿ ಒತ್ತಬೇಕು ಎಂದಾಗ ಎಷ್ಟೋ ಸಲ "ನಾಳೆ ನೋಡೋಣ" ಅನ್ನಿಸುತ್ತದೆ. ಕಂತಿನಲ್ಲಿ ಕೊಡುತ್ತೇವೆ ಎಂದರೆ ತಿಂಗಳ ಮೊತ್ತ ನೋಡಿ ಸಮಾಧಾನಪಡಬೇಡಿ. ಎಲ್ಲ ಕಂತು ಕೂಡಿಸಿ ಒಟ್ಟು ಮೊತ್ತವನ್ನು ಆ ಹಾಳೆಯ ಮೇಲೆ ದೊಡ್ಡದಾಗಿ ಬರೆಯಿರಿ.

ಬಿಡುವಿದ್ದಾಗ ಹಳೆಯ ಸಾಮಾನಿನ ಡ್ರಾಯರ್ ಅನ್ನು ಪೂರ್ತಿ ಮೇಜಿನ ಮೇಲೆ ಸುರಿಯಿರಿ. ಇಯರ್‌ಫೋನು, ಪವರ್ ಬ್ಯಾಂಕು, ಯಾವುದರದ್ದೆಂದು ಗೊತ್ತಿಲ್ಲದ ಚಾರ್ಜರು, ಎರಡು ಫೋನಿನ ಹಿಂದಿನ ಫೋನು. ಇದೆಲ್ಲವೂ ಒಮ್ಮೆ ಬೇಕೇ ಬೇಕು ಅನ್ನಿಸಿದ್ದೇ. ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ ಇ-ತ್ಯಾಜ್ಯ ಬಂತು, ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದ್ದಕ್ಕೆ ದಾಖಲೆ ಇರುವುದು ಕಾಲು ಭಾಗಕ್ಕಿಂತ ಕಡಿಮೆ. ಆ ಮೇಜು ನೋಡಿದ ಮೇಲೆ ಈ ಅಂಕಿ ನನಗೆ ದೂರದ್ದು ಅನ್ನಿಸಲಿಲ್ಲ.

ಕೊಳ್ಳಲೇಬೇಕಾದ ಸಮಯವೂ ಬರುತ್ತದೆ. ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋದ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಇಟ್ಟುಕೊಳ್ಳುವುದು ಒಳ್ಳೆಯದಲ್ಲ. ಆಗ ಕ್ಯಾಮೆರಾಕ್ಕಿಂತ ಮೊದಲು ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂದು ನೋಡಿ. ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ರಿಂದ 7 ವರ್ಷದ ಮಾತು ಕೊಟ್ಟಿವೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಆದರೆ ಆ ಲ್ಯಾಪ್‌ಟಾಪ್ ಎಸೆಯುವ ಮೊದಲು ವಿಂಡೋಸ್ ಬದಲಿಗೆ ಲಿನಕ್ಸ್ ಎನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ನೋಡಿ. ಬ್ರೌಸರ್, ಟೈಪಿಂಗ್, ಸಿನಿಮಾ ಅಷ್ಟೇ ಸಾಕು ಎನ್ನುವವರಿಗೆ ಇನ್ನೂ ಕೆಲವು ವರ್ಷ ನಡೆಯುತ್ತದೆ.

ಹೊಸದು ಬಂದ ದಿನವೇ ಹಳೆಯದರ ಡೇಟಾ ಅಳಿಸಿ ಬೇಕಾದವರಿಗೆ ಕೊಡಿ, ಇಲ್ಲವೇ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಟ್ಟು ಬನ್ನಿ. ಬ್ಯಾಟರಿ ಊದಿಕೊಂಡಿದ್ದರೆ ಮಾತ್ರ ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ಅದು ಬೆಂಕಿ ಹಿಡಿಯಬಹುದು.