ರಾಜಿಯಾದ ಬಳಿಕ ಸಿವಿಲ್ ಮೇಲ್ಮನವಿಯನ್ನು ಮುಗಿಸುವ ಕ್ರಮ

ಮೇಲ್ಮನವಿ ಬಾಕಿ ಇರುವಾಗಲೇ ಪಕ್ಷಗಾರರು ರಾಜಿಯಾದರೆ ಪ್ರಕರಣವನ್ನು ಮುಗಿಸಲು ಎರಡು ದಾರಿಗಳಿವೆ: ಮೇಲ್ಮನವಿಯನ್ನು ಹಿಂತೆಗೆದುಕೊಳ್ಳುವುದು, ಇಲ್ಲವೇ ರಾಜಿಯನ್ನು ನ್ಯಾಯಾಲಯದಲ್ಲಿ ದಾಖಲಿಸಿ ಅದರಂತೆ ಡಿಕ್ರಿ (ತೀರ್ಪನ್ನು ಜಾರಿಗೊಳಿಸಬಹುದಾದ ನ್ಯಾಯಾಲಯದ ವಿಧಿವತ್ತಾದ ಆದೇಶ) ಪಡೆಯುವುದು. ಎರಡರ ಪರಿಣಾಮವೂ ಒಂದೇ ಎಂದು ಭಾವಿಸುವವರೇ ಹೆಚ್ಚು. ಆದರೆ ಹಿಂತೆಗೆದುಕೊಂಡ ಮೇಲ್ಮನವಿ ವಜಾ ಆಗುತ್ತದೆಯೇ ಹೊರತು ಕೆಳ ನ್ಯಾಯಾಲಯದ ಡಿಕ್ರಿ ಅಳಿಯುವುದಿಲ್ಲ. ಉದಾಹರಣೆಗೆ, 10 ಲಕ್ಷ ರೂಪಾಯಿಯ ಡಿಕ್ರಿಯನ್ನು 6 ಲಕ್ಷಕ್ಕೆ ರಾಜಿ ಮಾಡಿಕೊಂಡ ಮೇಲ್ಮನವಿದಾರನು, ಹೊರಗೆ ಇತ್ಯರ್ಥವಾಗಿದೆ ಎಂಬ ಒಂದು ಸಾಲಿನ ಮೆಮೊ ಕೊಟ್ಟು ಸುಮ್ಮನಾದರೆ, ದಾಖಲೆಯ ಪ್ರಕಾರ ಅವನು ಇನ್ನೂ 10 ಲಕ್ಷದ ಸಾಲಗಾರನೇ. ಆದ್ದರಿಂದ ರಾಜಿಯ ಷರತ್ತುಗಳು ಮೂಲ ಡಿಕ್ರಿಗಿಂತ ಅಲ್ಪಸ್ವಲ್ಪ ಬೇರೆಯಾಗಿದ್ದರೂ ಎರಡನೆಯ ದಾರಿಯನ್ನೇ ಹಿಡಿಯಬೇಕೆಂಬುದು ನನ್ನ ಸಲಹೆ.

ಈ ದಾರಿಗೆ ಆಧಾರ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3. ಕಲಂ 107ರ ಮೂಲಕ ಮೇಲ್ಮನವಿ ನ್ಯಾಯಾಲಯಕ್ಕೂ ಅದೇ ಅಧಿಕಾರವಿದೆ. 1976ರ ತಿದ್ದುಪಡಿಯ ನಂತರ ರಾಜಿಯು ಲಿಖಿತವಾಗಿರಬೇಕು ಮತ್ತು ಪಕ್ಷಗಾರರ ಸಹಿ ಹೊಂದಿರಬೇಕು. ವಕೀಲರ ಸಹಿಯೂ ಸಾಲಬಹುದೆಂದು ಸುಪ್ರೀಂ ಕೋರ್ಟ್ ಹೇಳಿದ್ದರೂ ಪಕ್ಷಗಾರರೇ ಸಹಿ ಮಾಡಿ ನ್ಯಾಯಾಲಯದ ಮುಂದೆ ಹಾಜರಾಗುವುದು ಲೇಸು, ಏಕೆಂದರೆ ನಾಳೆ ಯಾರಾದರೂ ತಮಗೆ ಗೊತ್ತೇ ಇರಲಿಲ್ಲ ಎಂದು ತಕರಾರು ತೆಗೆಯಲು ಆಗ ಅವಕಾಶ ಉಳಿಯುವುದಿಲ್ಲ. ರಾಜಿ ಅರ್ಜಿಯಲ್ಲಿ ಕೊಡಬೇಕಾದ ಮೊತ್ತ, ಕೊಡುವ ದಿನಾಂಕ, ತಪ್ಪಿದರೆ ಆಗುವ ಪರಿಣಾಮ, ಸ್ಥಿರಾಸ್ತಿಯಿದ್ದರೆ ಚಕ್ಕುಬಂದಿ ಸಹಿತ ಷೆಡ್ಯೂಲ್, ಜೊತೆಗೆ ಕೆಳಗಿನ ಡಿಕ್ರಿಯನ್ನು ಹೇಗೆ ಮಾರ್ಪಡಿಸಬೇಕೆಂಬುದು ಸ್ಪಷ್ಟವಾಗಿರಲಿ. ರಾಜಿ ಕಾನೂನುಬದ್ಧವೆಂದು ಮನವರಿಕೆಯಾದ ಮೇಲಷ್ಟೇ ನ್ಯಾಯಾಲಯ ಅದನ್ನು ದಾಖಲಿಸುತ್ತದೆ.

ಪಕ್ಷಗಾರರಲ್ಲಿ ಅಪ್ರಾಪ್ತ ವಯಸ್ಕರಿದ್ದರೆ ಆದೇಶ 32, ನಿಯಮ 7ರಂತೆ ನ್ಯಾಯಾಲಯದ ಅನುಮತಿ ಬೇಕೇ ಬೇಕು. ಅನುಮತಿಯಿಲ್ಲದ ರಾಜಿಯನ್ನು ಅಪ್ರಾಪ್ತರ ಪರವಾಗಿ ಮುಂದೆ ರದ್ದುಪಡಿಸಬಹುದು. ಮೃತಪಟ್ಟವರಿದ್ದರೆ ಮೊದಲು ವಾರಸುದಾರರನ್ನು ದಾಖಲೆಗೆ ತರಬೇಕು.

ಬಾಕಿ ಉಳಿಯುವ ಎಳೆಗಳೇ ಮುಂದೆ ಕಾಡುವಂಥವು. ಎದುರು ಪಕ್ಷದವರು ಅಡ್ಡ ಆಕ್ಷೇಪಣೆ (ಅದೇ ಡಿಕ್ರಿಯ ವಿರುದ್ಧ ಅವರ ಕಡೆಯ ತಕರಾರು) ಸಲ್ಲಿಸಿದ್ದರೆ ಮೇಲ್ಮನವಿ ಹಿಂತೆಗೆದರೂ ಅದರ ವಿಚಾರಣೆ ಮುಂದುವರಿಯಬಹುದಾದ್ದರಿಂದ, ಅದನ್ನೂ ಕೈಬಿಟ್ಟಿರುವುದಾಗಿ ಬರೆಸಿಕೊಳ್ಳಿ. ತಡೆಯಾಜ್ಞೆಗಾಗಿ ಠೇವಣಿ ಇಟ್ಟ ಹಣ ಯಾರಿಗೆ ಸೇರಬೇಕೆಂಬ ನಿರ್ದೇಶನವನ್ನು ಅದೇ ಆದೇಶದಲ್ಲಿ ಕೇಳಿಕೊಳ್ಳಿ. ಕೆಳ ನ್ಯಾಯಾಲಯದಲ್ಲಿ ಅಮಲ್ಜಾರಿ ಅರ್ಜಿ (ಡಿಕ್ರಿಯನ್ನು ಜಾರಿಗೊಳಿಸಲು ಕೋರಿದ ಅರ್ಜಿ) ಬಾಕಿಯಿದ್ದರೆ ಆದೇಶ 21, ನಿಯಮ 2ರಂತೆ ಹಣ ಸಂದಾಯವನ್ನು ಅಲ್ಲಿ ದಾಖಲಿಸಬೇಕು. ಡಿಕ್ರಿದಾರನು ತಾನಾಗಿ ತಿಳಿಸದಿದ್ದರೆ ಋಣಿಯೇ 30 ದಿನಗಳೊಳಗೆ ಅರ್ಜಿ ಹಾಕಬೇಕಾಗುತ್ತದೆ. ದಾಖಲಾಗದ ಸಂದಾಯವನ್ನು ಅಮಲ್ಜಾರಿ ನ್ಯಾಯಾಲಯ ಪರಿಗಣಿಸುವುದಿಲ್ಲ.

ದಾವೆಗೆ ಸಂಬಂಧಿಸದ ಸ್ಥಿರಾಸ್ತಿಯೂ ರಾಜಿಯಲ್ಲಿ ಸೇರಿದ್ದರೆ ನೋಂದಣಿಯ ಅಗತ್ಯವನ್ನು ಮೊದಲೇ ಪರಿಶೀಲಿಸಿ. ಲೋಕ ಅದಾಲತ್‌ನಲ್ಲಿ ಇತ್ಯರ್ಥಪಡಿಸಿಕೊಂಡರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಕಲಂ 21ರಂತೆ ಕೋರ್ಟ್ ಶುಲ್ಕದ ಮರುಪಾವತಿಗೂ ಅವಕಾಶವಿದೆ. ಒಪ್ಪಿಗೆಯ ಡಿಕ್ರಿಯ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 96(3)ರಂತೆ ಮೇಲ್ಮನವಿಯಿಲ್ಲ, ರಾಜಿ ಕಾನೂನುಬದ್ಧವಲ್ಲವೆಂದು ಬೇರೆ ದಾವೆ ಹೂಡುವುದನ್ನೂ ಆದೇಶ 23ರ ನಿಯಮ 3ಎ ತಡೆಯುತ್ತದೆ. ಮೋಸವಾಗಿದೆ ಎನ್ನುವವರು ರಾಜಿಯನ್ನು ದಾಖಲಿಸಿದ ನ್ಯಾಯಾಲಯಕ್ಕೇ ಹೋಗಬೇಕು.