ಕೊಪ್ಪಳದಲ್ಲಿ ಕೋ-ವರ್ಕಿಂಗ್ ಸೀಟು: ಹಿಡಿಯುವ ಮುಂಚೆ ನಾವು ನೋಡುವುದು

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಹತ್ತು-ಹನ್ನೆರಡು ಮಂದಿ ಬೆಂಗಳೂರಿನ ಕಂಪನಿಗೆ ಊರಲ್ಲೇ ಇದ್ದು ಕೆಲಸ ಮಾಡುವವರಿದ್ದರೆ, ಸ್ವಂತ ಆಫೀಸಿಗಿಂತ ಕೋ-ವರ್ಕಿಂಗ್ ಜಾಗ (ಸೀಟಿನ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ, ಹಲವರು ಹಂಚಿಕೊಳ್ಳುವ ಆಫೀಸು) ಅಗ್ಗ. ಅಂಥ ಜಾಗ ಗೊತ್ತುಮಾಡುವುದು ನನ್ನ ಕೆಲಸ. ಕುರ್ಚಿ, ಗೋಡೆ ಬಣ್ಣ, ಕಾಫಿ ಮಷೀನು ಆಮೇಲೆ. ಕರೆಂಟು ಹೋದಾಗ ಏನೇನು ನಿಲ್ಲುತ್ತದೆ ಅನ್ನುವುದು ಮೊದಲು. ಲೈನ್ ಕೆಲಸಕ್ಕೆ ಕರೆಂಟು ತೆಗೆಯುತ್ತೇವೆಂದು ಇಲ್ಲಿಯ ವಿದ್ಯುತ್ ಕಂಪನಿ ಜೆಸ್ಕಾಂ ಮುಂಚೆ ತಿಳಿಸಿದ ದಿನವೇ ಲ್ಯಾಪ್‌ಟಾಪ್ ಹಿಡಿದು ಹೋಗಿ ಕೂರುತ್ತೇನೆ.

ಲೆಕ್ಕ ಹೀಗೆ. ಲ್ಯಾಪ್‌ಟಾಪಿಗೆ 65 ವ್ಯಾಟ್, ಮಾನಿಟರಿಗೆ 25 ವ್ಯಾಟ್ ಹಿಡಿದರೆ 12 ಸೀಟಿಗೆ 1,080 ವ್ಯಾಟ್. ರೂಟರ್, ಸ್ವಿಚ್, ಎರಡು ಫ್ಯಾನು ಸೇರಿದರೆ 1,300ರ ಹತ್ತಿರ. 12 ವೋಲ್ಟಿನ, 150 ಎಎಚ್ (ಆಂಪಿಯರ್-ಅವರ್) ನಾಲ್ಕು ಟ್ಯೂಬುಲರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 7,200 ವ್ಯಾಟ್-ಅವರ್ ಉಂಟು. ಅರ್ಧಕ್ಕಿಂತ ಕೆಳಗಿಳಿಸಿದರೆ ಬ್ಯಾಟರಿ ಬಾಳುವುದಿಲ್ಲ, ಇನ್ವರ್ಟರ್ ಒಂದಿಷ್ಟು ತಿನ್ನುತ್ತದೆ. ಕೈಗೆ ಸಿಗುವುದು 3,000, ಅಂದರೆ ಎರಡು ತಾಸಿನ ಮೇಲೆ ಸ್ವಲ್ಪ. "ಫುಲ್ ಬ್ಯಾಕಪ್ ಐತ್ರಿ" ಅನ್ನುವ ಮಾಲೀಕರಿಗೆ ನಾವು ಕೇಳುವುದು ಒಂದೇ: ಎಸಿ ಸೇರಿ ಐತೇನ್ರಿ? ಒಂದೂವರೆ ಟನ್ನಿನ ಎಸಿ ಒಂದೇ 1,500 ವ್ಯಾಟಿನಷ್ಟು ಎಳೆಯುತ್ತದೆ. ಜನರೇಟರ್ ಇಲ್ಲದಿದ್ದರೆ ಅದು ನಿಂತ ಹಾಗೇ. ಬ್ಯಾಟರಿ ಇಟ್ಟ ಜಾಗವನ್ನೂ ನೋಡಬೇಕು. ಎಸಿಯ ಹೊರಗಿನ ಯೂನಿಟ್ ಪಕ್ಕ, ಬಿಸಿಗಾಳಿಯಲ್ಲಿಟ್ಟರೆ ಡಿಸ್ಟಿಲ್ಡ್ ವಾಟರ್ ಬೇಗ ಆರುತ್ತದೆ, ಪ್ಲೇಟು ಕೆಡುತ್ತದೆ.

ಮೇಲ್ಮಹಡಿ ಬೇಡವೇ ಬೇಡ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಿದು. ಹಗಲೆಲ್ಲ ಕಾದ ಆರ್‌ಸಿಸಿ ಸ್ಲ್ಯಾಬು ಸಂಜೆ ಏಳಕ್ಕೂ ತಲೆ ಮೇಲೆ ಒಲೆಯಂತೆ ಇರುತ್ತದೆ. ಗಾಜಿನ ಫೋನ್ ಕ್ಯಾಬಿನ್ನು ಇನ್ನೂ ಕಷ್ಟ: ಎಕ್ಸಾಸ್ಟ್ ಫ್ಯಾನು ಇಲ್ಲದಿದ್ದರೆ ಹತ್ತು ನಿಮಿಷದ ಕಾಲ್ ಮುಗಿಯುವಷ್ಟರಲ್ಲಿ ಅಂಗಿ ತೊಯ್ದಿರುತ್ತದೆ.

ಇನ್ನು ಇಂಟರ್‌ನೆಟ್. ಕರೆಂಟು ಹೋದಾಗ ನಮ್ಮ ರೂಟರ್ ಉರಿಯುತ್ತಿದ್ದರೂ ನೆಟ್ ಸಾಯುವುದುಂಟು. ಕೇಬಲ್ ಆಪರೇಟರ್ ಬೀದಿಯ ಕಂಬಕ್ಕೆ ಹಾಕಿದ ಡಬ್ಬಿಯಲ್ಲಿ ಕರೆಂಟಿನ ಸ್ವಿಚ್ ಇದ್ದು, ಅದಕ್ಕೆ ಬ್ಯಾಟರಿ ಇಲ್ಲದಿದ್ದರೆ ಹೀಗಾಗುತ್ತದೆ. ಜಾಗದ ಮಾಲೀಕರಿಗೇ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ. ಮೇನ್ ಸ್ವಿಚ್ ಇಳಿಸಿ ತೋರಿಸಿದರೆ ಈ ತೊಂದರೆ ಕಾಣುವುದಿಲ್ಲ, ಬೀದಿಗೆ ಬೀದಿಯೇ ಕರೆಂಟು ಹೋಗಬೇಕು. ಎರಡು ಕಂಪನಿಯ ಫೈಬರ್ ಇದೆ ಅಂದರೂ ಎರಡೂ ಒಂದೇ ಕಂಬದ ಮೇಲೆ ಬಂದಿದ್ದರೆ ರಸ್ತೆ ಅಗಲ ಮಾಡುವ ಜೆಸಿಬಿಗೆ ಎರಡೂ ಒಂದೇ. ಒಂದು ಫೈಬರ್, ಬೇರೆ ಕಂಪನಿಯ ಸಿಮ್ ಹಾಕಿದ ಒಂದು ರೂಟರ್ ಇದ್ದರೆ ಸಾಕು. ವಿಡಿಯೊ ಕಾಲಿಗೆ ಒಬ್ಬರಿಗೆ 3–4 ಎಂಬಿಪಿಎಸ್ ಅಪ್‌ಲೋಡ್ ಲೆಕ್ಕದಲ್ಲಿ 12 ಮಂದಿಗೆ 50 ಬೇಕು. ಡೌನ್‌ಲೋಡ್ ವೇಗ ತೋರಿಸಿ ಮರುಳು ಮಾಡುತ್ತಾರೆ. 11ರಿಂದ 4ರ ತನಕ ಪಿಂಗ್ (ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೋ ನೋಡುವ ಪರೀಕ್ಷೆ) ಬಿಟ್ಟು ನೋಡಿ. ಪ್ಯಾಕೆಟ್ ನಷ್ಟ, ಅಂದರೆ ದಾರಿಯಲ್ಲೇ ಕಳೆದುಹೋಗುವ ಡೇಟಾ, ಶೇ 1 ದಾಟಿದರೆ ಮಾತು ಕತ್ತರಿಸುತ್ತದೆ. ಸಿಮ್ ರೂಟರಿಗೆ ಸಾಮಾನ್ಯವಾಗಿ ಸ್ಥಿರ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ) ಸಿಗುವುದಿಲ್ಲ, ಹಾಗಾಗಿ ಐಪಿ ನೋಡಿ ಒಳಗೆ ಬಿಡುವ ವಿಪಿಎನ್ (ಕಂಪನಿಯ ನೆಟ್‌ವರ್ಕಿಗೆ ಹೋಗುವ ಸುರಕ್ಷಿತ ದಾರಿ) ಅದರ ಮೇಲೆ ತೆರೆಯುವುದಿಲ್ಲ. ಕಂಪನಿಯ ಐಟಿಯವರಿಗೆ ಮುಂಚೆಯೇ ಹೇಳಿಡಬೇಕು. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರಿದಾಗ ಮೊಬೈಲ್ ಟವರ್ ನಂಬುವ ಹಾಗಿಲ್ಲ. ಆ ದಿನಗಳಿಗೆ ಮೀಟಿಂಗ್ ಇಡುವುದಿಲ್ಲ.

ಬಸ್ ಸ್ಟ್ಯಾಂಡಿಗೆ ನಡೆಯುವ ದೂರದಲ್ಲಿರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ, ಹೀಗಾಗಿ ತಾಲ್ಲೂಕಿನಿಂದ ಬಂದುಹೋಗುವುದು ಹಗುರ. ಆದರೆ ಶಿಫ್ಟ್ ಮುಗಿಯುವ ಹೊತ್ತನ್ನು ಕಡೇ ಬಸ್ಸಿನ ಹೊತ್ತಿಗೆ ಹೊಂದಿಸಬೇಕು.

ಬಿಲ್ಲಿಗೆ ಶೇ 18 ಜಿಎಸ್‌ಟಿ ಬೀಳುತ್ತದೆ. ಕಂಪನಿಗೆ ಕರ್ನಾಟಕದ ಜಿಎಸ್‌ಟಿ ನಂಬರ್ ಇದ್ದರೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ಇಲ್ಲಿ ಕಟ್ಟಿದ ತೆರಿಗೆಯನ್ನು ಕಂಪನಿ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಹೈದರಾಬಾದಿನ ನಂಬರ್ ಮಾತ್ರ ಇದ್ದರೆ ಸಿಗದು, ಕಟ್ಟಡ ಇರುವ ರಾಜ್ಯದ ತೆರಿಗೆ ಅದು. ಕರಾರಿನಲ್ಲಿ ಲಾಕ್-ಇನ್ (ನಡುವೆ ಬಿಟ್ಟು ಹೋಗಲಾಗದ ಅವಧಿ) ಮೂರು ತಿಂಗಳಿಗಿಂತ ಹೆಚ್ಚು ಒಪ್ಪುವುದಿಲ್ಲ. ಕೆಲಸದ ಹೊತ್ತಿನಲ್ಲಿ ನೆಟ್ ಎರಡು ತಾಸಿಗಿಂತ ಹೆಚ್ಚು ನಿಂತರೆ ಆ ದಿನದ ಬಾಡಿಗೆ ಕಡಿತ ಅಂತ ಒಂದು ಸಾಲು ಬರೆಸುತ್ತೇವೆ.